ಗುಂಪು ಆಟಗಳಿಂದ ನಾಯಕತ್ವ ಕಲಿಸುವುದು: ಮೂರು ಆಟ, ಅರ್ಧ ದಿನ, ಸಾಕಷ್ಟು ಮಾತು

ತರಬೇತಿ ಶಿಬಿರಗಳಲ್ಲಿ ಆಟಗಳಿಗೆ ಬರವಿಲ್ಲ. ಎಲ್ಲರೂ ಆಡುತ್ತಾರೆ, ನಗುತ್ತಾರೆ, ಫೋಟೊ ತೆಗೆಸಿಕೊಂಡು ಊಟಕ್ಕೆ ಹೋಗುತ್ತಾರೆ. ವಾರ ಬಿಟ್ಟು ಕೇಳಿದರೆ ಆಟ ನೆನಪಿರುತ್ತದೆ. ಅದರಿಂದ ಏನು ಗೊತ್ತಾಯಿತು ಎಂದರೆ ಮಾತ್ರ "ಒಗ್ಗಟ್ಟಿನಲ್ಲಿ ಬಲವಿದೆ" ಎಂಬ, ಆಡದೆಯೂ ಹೇಳಬಹುದಾಗಿದ್ದ ಉತ್ತರ ಬರುತ್ತದೆ. ಇದರಲ್ಲಿ ಆಟದ ತಪ್ಪೇನೂ ಇಲ್ಲ. ಆಟಕ್ಕೆ ನಲವತ್ತು ನಿಮಿಷ, ಅದರ ಬಗ್ಗೆ ಮಾತಾಡಲು ಐದು ನಿಮಿಷ ಇಟ್ಟರೆ ಇನ್ನೇನು ಬಂದೀತು?

ಹಾಗಾಗಿ ಮೊದಲ ಲೆಕ್ಕ ಸಮಯದ್ದು. ಆಟಕ್ಕೆ ಎಷ್ಟು ಹೊತ್ತೋ ಮಾತುಕತೆಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇಲ್ಲಿರುವುದು 20 ಜನರಿಗೆ ಹೊಂದುವ ನಾಲ್ಕು ಗಂಟೆಯ ಕಾರ್ಯಕ್ರಮ: ಪರಿಚಯಕ್ಕೆ 15 ನಿಮಿಷ, ಕೋಲಿನ ಆಟಕ್ಕೆ 10, ಅದರ ಮಾತಿಗೆ 15, ಹಗ್ಗದ ಆಟಕ್ಕೆ 25, ಮಾತಿಗೆ 35, ವಿರಾಮ 15, ಗೋಪುರದ ಆಟಕ್ಕೆ 40, ಮಾತಿಗೆ 25, ಸ್ವಂತ ಅನುಭವ ಹಂಚಿಕೊಳ್ಳಲು 45, ಕೊನೆಯ ಚೀಟಿಗೆ 15. ಸಮಯ ಸಾಲದೆ ಹೋದರೆ ಒಂದು ಆಟವನ್ನೇ ಕೈಬಿಡಿ, ಮಾತುಕತೆಗೆ ಕತ್ತರಿ ಹಾಕಬೇಡಿ.

ಮೊದಲೇ ಮಾಡಿಟ್ಟುಕೊಳ್ಳಬೇಕಾದ್ದು

ಒಂದು ಗುಂಪಿನಲ್ಲಿ ಆಡುವವರು 8 ಜನ ಇರಲಿ. ಹತ್ತು ದಾಟಿದರೆ ಇಬ್ಬರು ಮೂವರು ಸದ್ದಿಲ್ಲದೆ ಪ್ರೇಕ್ಷಕರಾಗಿಬಿಡುತ್ತಾರೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಅಳತೆ ಮಾಡಿ, 1913ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದೇ ಕಾಣುತ್ತದೆ: ಜನ ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತ ಹೋಗಿ, ಎಂಟು ಜನ ಸೇರಿದಾಗ ತಲಾ ಸುಮಾರು ಅರ್ಧಕ್ಕೆ ಇಳಿದಿತ್ತು. ಇದಕ್ಕೆ ಎರಡು ಕಾರಣ. ಒಂದು, ಎಲ್ಲರ ಎಳೆತ ಒಂದೇ ಕ್ಷಣಕ್ಕೆ ಕೂಡಿಬರುವುದಿಲ್ಲ. ಇನ್ನೊಂದು, "ಹೇಗೂ ಬೇರೆಯವರಿದ್ದಾರಲ್ಲ" ಎಂಬ ಸಡಿಲ. ಆಟ ಆಡಿಸುವವರು ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಮೊದಲನೆಯದಕ್ಕೆ ಮದ್ದು ಲಯ ಮತ್ತು ಸಂಕೇತ, ಎರಡನೆಯದಕ್ಕೆ ಮದ್ದು ಪ್ರತಿಯೊಬ್ಬರಿಗೂ ಕಣ್ಣಿಗೆ ಕಾಣುವ ಕೆಲಸ.

ಎಂಟು ಜನರ ಪ್ರತಿ ಗುಂಪಿಗೂ ಆಡದೆ ನೋಡಿ ಬರೆದುಕೊಳ್ಳುವವರು ಇಬ್ಬರು ಬೇಕು. ಆಟದಿಂದ ಆಟಕ್ಕೆ ಇವರನ್ನು ಬದಲಿಸಿ. ಅವರ ಹಾಳೆಯಲ್ಲಿ ಮೂರು ಕಲಂ ಸಾಕು: ಎಷ್ಟನೇ ನಿಮಿಷ, ಯಾರು ಏನೆಂದರು (ಅದೇ ಮಾತಿನಲ್ಲಿ), ಆಮೇಲೆ ಏನಾಯಿತು. "ಸಹಕಾರ ಚೆನ್ನಾಗಿತ್ತು" ಎಂಬಂಥ ತೀರ್ಪು ಬರೆಯಬಾರದು ಎಂದು ಮೊದಲೇ ಹೇಳಿ. ಹೇಳದಿದ್ದರೆ ಹಾಳೆ ತುಂಬ ಅದೇ ಇರುತ್ತದೆ.

ಸಾಮಾನಿನ ಖರ್ಚು ಹೆಚ್ಚಿಲ್ಲ. ಗುಂಪಿಗೊಂದು ಹಗುರವಾದ, ಎರಡೂವರೆ ಮೀಟರ್ ಉದ್ದದ ಕೋಲು. ಸಿಗದಿದ್ದರೆ ಪತ್ರಿಕೆಯ ಹಾಳೆಗಳನ್ನು ಮೂಲೆಯಿಂದ ಮೂಲೆಗೆ ಬಿಗಿಯಾಗಿ ಸುತ್ತಿ, ಒಂದರ ತುದಿಯನ್ನು ಇನ್ನೊಂದರೊಳಗೆ ತೂರಿಸಿ, ಸಂದಿಗೆ ಟೇಪ್ ಹಾಕಿ ಮಾಡಿಕೊಳ್ಳಬಹುದು. ಗುಂಪಿಗೊಂದು 16 ಮೀಟರ್ ಹತ್ತಿಯ ಹಗ್ಗ, ಬೆರಳಷ್ಟು ದಪ್ಪದ್ದು, ಎರಡೂ ತುದಿ ಸೇರಿಸಿ ಗಂಟು ಹಾಕಿರಬೇಕು. ನೈಲಾನ್ ಬೇಡ, ಜಗ್ಗಿದಾಗ ಅಂಗೈ ತರಚುತ್ತದೆ. ತಲೆಗೊಂದು ಕಣ್ಣುಪಟ್ಟಿ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರಿಗೆ ಕಟ್ಟಬಾರದು, ಕಣ್ಣಿನ ಸೋಂಕು ಹರಡುವುದೇ ಹಾಗೆ. ಇವಲ್ಲದೆ ಹಳೆಯ ಪತ್ರಿಕೆ, ಮಾಸ್ಕಿಂಗ್ ಟೇಪ್, ಅಳತೆ ಟೇಪ್, ಹಾಳೆ, ಪೆನ್ನು, ಒಂದು ಸೀಟಿ.

ನಿಯಮ ಹೇಳುವ ಬಗೆ

ಗುರಿ ಏನು, ಏನು ಮಾಡಬಾರದು, ಎಷ್ಟು ಹೊತ್ತು. ಈ ಮೂರನ್ನು ಎರಡು ನಿಮಿಷದೊಳಗೆ ಹೇಳಿ ಮುಗಿಸಿ, ಆಡುವವರಲ್ಲೊಬ್ಬರಿಂದ ಅವರ ಮಾತಿನಲ್ಲೇ ಮತ್ತೊಮ್ಮೆ ಹೇಳಿಸಿ. "ಅರ್ಥವಾಯಿತಾ?" ಎಂದರೆ ಎಲ್ಲರೂ ಗೋಣು ಆಡಿಸುತ್ತಾರೆ, ಅದನ್ನು ನಂಬಬೇಡಿ.

"ಇದು ನಾಯಕತ್ವದ ಆಟ" ಎಂದು ಮೊದಲೇ ಹೇಳಿದಿರೋ, ಕೆಲವರು ನಾಯಕರಂತೆ ನಟಿಸಲು ಶುರುಮಾಡುತ್ತಾರೆ, ಉಳಿದವರು ವಿಧೇಯರಂತೆ. ಆಟದ ಹೆಸರು, ಗುರಿ ಹೇಳಿದರೆ ಸಾಕು. ನಡುವೆ ಯಾರಾದರೂ "ಹೀಗೆ ಮಾಡಬಹುದಾ?" ಎಂದು ಕೇಳಿದರೆ "ನಿಯಮದಲ್ಲಿ ಬೇಡ ಎಂದಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗಿ. ಅವರು ಒದ್ದಾಡುತ್ತಿರುವಾಗ ಸುಳಿವು ಕೊಡಬೇಕೆಂಬ ಆಸೆ ತಡೆಯುವುದು ಆಡಿಸುವವರಿಗೆ ನಿಜಕ್ಕೂ ಕಷ್ಟ. ಆದರೂ ಬಾಯಿಗೆ ಬೀಗ ಇರಲಿ.

ಮೊದಲ ಆಟ: ಇಳಿಯದ ಕೋಲು

ನಾಲ್ಕು ನಾಲ್ಕು ಜನ ಎದುರುಬದುರಾಗಿ ನಿಂತು, ಎದೆಯ ಎತ್ತರಕ್ಕೆ ಎರಡೂ ತೋರುಬೆರಳು ಚಾಚಬೇಕು. ಆ ಬೆರಳುಗಳ ಮೇಲೆ ನೀವು ಕೋಲನ್ನು ಮಲಗಿಸುತ್ತೀರಿ. ಗುರಿ ಕೋಲನ್ನು ನೆಲಕ್ಕೆ ಇಳಿಸುವುದು, ಅಷ್ಟೇ. ಎಲ್ಲರ ಎರಡೂ ಬೆರಳು ಸದಾ ಕೋಲಿಗೆ ತಾಗಿರಬೇಕು. ಹಿಡಿಯುವಂತಿಲ್ಲ, ಮೇಲಿನಿಂದ ಒತ್ತುವಂತಿಲ್ಲ. ಒಬ್ಬರ ಬೆರಳು ಬಿಟ್ಟರೂ ಮತ್ತೆ ಮೊದಲಿಂದ.

ಕೋಲು ಇಳಿಯುವುದಿಲ್ಲ, ಏರುತ್ತದೆ. ನೋಡನೋಡುತ್ತ ಭುಜದ ಎತ್ತರಕ್ಕೆ, ಕೆಲವೊಮ್ಮೆ ತಲೆಯ ಮೇಲಕ್ಕೆ. ಆಗ ಮೊದಲು ಕೇಳಿಬರುವ ಮಾತು, "ಯಾರ್ರೀ ಅದು ಮೇಲೆ ಎತ್ತುತ್ತಿರೋದು?" ಆ ಮಾತು ಯಾರದು, ಎಷ್ಟನೇ ನಿಮಿಷದ್ದು ಎಂಬುದು ನೋಡುವವರ ಹಾಳೆಯಲ್ಲಿ ದಾಖಲಾಗಲೇಬೇಕು.

ಎತ್ತುತ್ತಿರುವವರು ಯಾರೂ ಅಲ್ಲ, ಎಲ್ಲರೂ. ಕೋಲು ತೀರ ಹಗುರ. ಬೆರಳು ಬಿಟ್ಟುಹೋಗದಿರಲಿ ಎಂದು ಪ್ರತಿಯೊಬ್ಬರೂ ಕೂದಲೆಳೆಯಷ್ಟು ಮೇಲಕ್ಕೆ ಒತ್ತುತ್ತಾರೆ. ಹದಿನಾರು ಬೆರಳಿನ ಆ ಒತ್ತಡ ಸೇರಿದರೆ ಕೋಲಿನ ತೂಕವನ್ನು ಮೀರುತ್ತದೆ. ಕೋಲು ಏರಿತೆಂದು ಪಕ್ಕದವರ ಬೆರಳೂ ಏರುತ್ತದೆ. ಅಂದರೆ ಪ್ರತಿಯೊಬ್ಬರೂ ತಮಗೆ ಹೇಳಿದ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದ್ದರಿಂದಲೇ ತಂಡದ ಗುರಿ ಕೈತಪ್ಪುತ್ತಿದೆ. ಈ ಆಟದ ತಿರುಳು ಇದು, ಆಮೇಲಿನ 15 ನಿಮಿಷ ಇದರ ಸುತ್ತಲೇ ಮಾತಾಡಿಸಿ: ಕೆಲಸ ಕೆಟ್ಟಾಗ ಮೊದಲು ಹುಡುಕಿದ್ದು ತಪ್ಪಿತಸ್ಥರನ್ನೋ, ಕಾರಣವನ್ನೋ?

ಕೋಲು ಏರದೆ ಸೀದಾ ಇಳಿದುಬಿಟ್ಟರೆ ಅದು ಭಾರವಾಗಿದೆ ಎಂದರ್ಥ, ಇನ್ನೂ ಹಗುರದ್ದು ಬೇಕು. ಕೋಲು ಇಟ್ಟಾಗ ನಿಮ್ಮ ಕೈಯಿಂದ ಮೇಲೆ ತುಸು ಒತ್ತಿ ಹಿಡಿದು, "ಶುರು" ಎಂದೊಡನೆ ಬಿಟ್ಟರೆ ಅದು ಚಿಮ್ಮುತ್ತದೆ. ಗೆಲ್ಲುವ ಗುಂಪುಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ. ಒಮ್ಮೆ ಪೂರ್ತಿ ನಿಲ್ಲಿಸಿ, ಲೆಕ್ಕ ಹೇಳಲು ಒಬ್ಬರನ್ನು ಗೊತ್ತುಮಾಡಿ, ಆ ಒಂದೇ ದನಿಗೆ ಎಲ್ಲರೂ ಮಂಡಿ ಬಾಗಿಸಿ ಇಳಿಯುತ್ತಾರೆ.

ಎರಡನೆಯ ಆಟ: ಕಣ್ಣು ಕಟ್ಟಿ ಚೌಕ

ಮೂರರಲ್ಲಿ ಒಂದನ್ನೇ ಆಡಿಸಲು ಸಾಧ್ಯ ಎಂದಾದರೆ ಇದನ್ನೇ ಆಡಿಸಿ. ಗುಂಪಿಗೆ ಸುಮಾರು ಹತ್ತು ಮೀಟರ್ ಉದ್ದಗಲದ, ಕಲ್ಲು, ಮೆಟ್ಟಿಲು, ಕಂಬಗಳಿಲ್ಲದ ಸಮತಟ್ಟು ಜಾಗ ಬೇಕು. ಹಗ್ಗ ತೋರಿಸುವ ಮೊದಲೇ ಎಂಟೂ ಜನರ ಕಣ್ಣು ಕಟ್ಟಿ, ಆಮೇಲೆ ಹಗ್ಗವನ್ನು ಕೈಗೆ ಮುಟ್ಟಿಸಿ. ಗುರಿ: ಇಡೀ ಹಗ್ಗ ಬಳಸಿ ಸರಿಯಾದ ಚೌಕ ಮಾಡುವುದು. ಪ್ರತಿಯೊಬ್ಬರ ಒಂದು ಕೈಯಾದರೂ ಸದಾ ಹಗ್ಗದ ಮೇಲಿರಬೇಕು, ಹಗ್ಗದುದ್ದಕ್ಕೂ ಜಾರುತ್ತ ಓಡಾಡಬಹುದು. ಮುಗಿಯಿತು ಎಂದು ಎಲ್ಲರೂ ಒಪ್ಪಿದ ಮೇಲೆ ಹಗ್ಗವನ್ನು ನೆಲಕ್ಕಿಟ್ಟು ಪಟ್ಟಿ ಬಿಚ್ಚಬೇಕು. ನೀವು ಸೀಟಿ ಊದಿದರೆ ಇದ್ದಲ್ಲೇ ನಿಲ್ಲಬೇಕು, ಏಕೆ ಎಂದು ಕೇಳಬಾರದು. ಆಟದುದ್ದಕ್ಕೂ ಗುಂಪಿನ ಹೊರಗೆ ಒಬ್ಬರು ಬರೀ ಸುರಕ್ಷತೆ ನೋಡುತ್ತಿರಬೇಕು. ತಲೆಗೆ ತಲೆ ತಾಗುವುದೇ ಇಲ್ಲಿನ ದೊಡ್ಡ ಅಪಾಯ, ಅದಕ್ಕೆ ಖಾಲಿ ಇರುವ ಕೈ ಎದೆಯ ಮುಂದೆ ಎತ್ತಿರಲಿ. ಕಣ್ಣು ಕಟ್ಟಿಸಿಕೊಳ್ಳಲು ಯಾರಿಗಾದರೂ ಗಾಬರಿಯಾದರೆ ಕಣ್ಣು ಮುಚ್ಚಿ ಆಡಲಿ, ಅಥವಾ ನೋಡುವವರ ಜೊತೆ ಸೇರಲಿ.

ಮೊದಲ ಮೂರು ನಾಲ್ಕು ನಿಮಿಷ ಸಂತೆಯ ಗದ್ದಲ. ಐದಾರು ಜನ ಒಟ್ಟಿಗೆ ಮಾತಾಡುತ್ತಾರೆ. ದನಿ ದೊಡ್ಡದಿದ್ದವರ ಉಪಾಯ ಗೆಲ್ಲುತ್ತದೆ, ಅದು ಒಳ್ಳೆಯ ಉಪಾಯವೇ ಆಗಿರಬೇಕೆಂದಿಲ್ಲ. ಇನ್ನೊಂದು ಮೂಲೆಯಲ್ಲಿ ಯಾರೋ ಮೆಲ್ಲಗೆ "ಹಗ್ಗ ಎರಡು ಸಲ ಮಡಚಿದರೆ ನಾಲ್ಕು ಭಾಗ ಆಗುತ್ತಲ್ಲ" ಅಂದಿರುತ್ತಾರೆ. ಯಾರಿಗೂ ಕೇಳಿರುವುದಿಲ್ಲ. ಅವರು ಇನ್ನೊಮ್ಮೆ ಹೇಳಿ ಸುಮ್ಮನಾಗುತ್ತಾರೆ. ಬರೆದುಕೊಳ್ಳುವವರ ಹಾಳೆಯಲ್ಲಿ ಸಿಗುವ ಅತಿ ಬೆಲೆಯ ಸಾಲು ಅದು.

ಹತ್ತನೇ ನಿಮಿಷಕ್ಕೆ, ಅತಿ ಹೆಚ್ಚು ಮಾತಾಡುತ್ತಿರುವ ಇಬ್ಬರ ಹತ್ತಿರ ಹೋಗಿ "ಇನ್ನು ಮುಂದೆ ಮಾತಾಡುವಂತಿಲ್ಲ, ಕೆಲಸ ಮಾಡಬಹುದು" ಎಂದು ಕಿವಿಯಲ್ಲಿ ಹೇಳಿ. ಒಂದು ಕ್ಷಣ ಮೌನ. ಆಮೇಲೆ ಮುಂದೆ ಬರುವವರು ಯಾರು ನೋಡಿ. ಅವರು ಬಂದದ್ದು ಉಪಾಯ ಗೊತ್ತಿದ್ದುದರಿಂದಲೋ, ಖಾಲಿ ಜಾಗ ಕಂಡಿದ್ದರಿಂದಲೋ ಎಂಬುದನ್ನು ಚರ್ಚೆಗೆ ಇಟ್ಟುಕೊಳ್ಳಿ.

ಗೆಲ್ಲುವ ದಾರಿಯೂ ನಿಮಗೆ ಗೊತ್ತಿರಬೇಕು. ಹಗ್ಗದ ಗಂಟು ಒಂದು ಮೂಲೆ. ಅಲ್ಲಿಂದ ಹಗ್ಗವನ್ನು ಜೋಡಿಯಾಗಿ ಹಿಡಿದು ಜಾರಿದರೆ ಸಿಗುವ ಇನ್ನೊಂದು ತುದಿ ಎದುರು ಮೂಲೆ. ಎರಡೂ ಭಾಗಗಳನ್ನು ಮತ್ತೆ ಮಡಚಿದರೆ ಉಳಿದೆರಡು ಮೂಲೆ ಸಿಗುತ್ತವೆ. ನಾಲ್ವರು ಮೂಲೆಗಳಲ್ಲಿ ನಿಂತು ಜಗ್ಗಿದರೆ ಬದಿಗೆ 4 ಮೀಟರ್ ಬರುತ್ತದೆ. ಆದರೆ ಬಹಳ ಗುಂಪುಗಳು ಎಡವುವುದೇ ಇಲ್ಲಿ. ನಾಲ್ಕೂ ಬದಿ ಸಮ ಇದ್ದ ಮಾತ್ರಕ್ಕೆ ಚೌಕ ಆಗುವುದಿಲ್ಲ, ಓರೆಯಾದ ವಜ್ರಾಕೃತಿಯೂ ಆಗಬಹುದು. ಮೂಲೆಯಲ್ಲಿರುವವರು ಒಂದು ಕೈ ನೇರ ಮುಂದಕ್ಕೆ, ಇನ್ನೊಂದು ನೇರ ಪಕ್ಕಕ್ಕೆ ಚಾಚಿ, ಹಗ್ಗ ಎರಡೂ ಕೈಗಳ ಗೆರೆಯಲ್ಲೇ ಸಾಗುವಂತೆ ಹೊಂದಿಸಿದರೆ ಮೂಲೆ ನೇರವಾಗುತ್ತದೆ. ಪಟ್ಟಿ ಬಿಚ್ಚಿದ ಮೇಲೆ ಎರಡೂ ಕರ್ಣಗಳನ್ನು ಅಳತೆ ಟೇಪಿನಿಂದ ಅಳೆದು ತೋರಿಸಿ. ಆಟ ಮುಗಿಯುವ ಮೊದಲು "ಸರಿಯಾಗಿದೆಯಾ ನೋಡೋಣ" ಎಂದವರು ಎಷ್ಟು ಜನ? ಹೆಚ್ಚಿನ ಸಲ ಯಾರೂ ಇರುವುದಿಲ್ಲ. ಮುಗಿಸುವ ಆತುರದಲ್ಲಿ ಪರಿಶೀಲನೆಯ ಹೊಣೆ ಯಾರದ್ದೂ ಆಗಿರುವುದಿಲ್ಲ.

ಮೂರನೆಯ ಆಟ: ಒಂದೇ ಗೋಪುರ, ಮೂರು ಬಗೆಯ ನಾಯಕರು

ಹದಿನೈದು ಪತ್ರಿಕೆ ಹಾಳೆ, ಒಂದು ಮೀಟರ್ ಉದ್ದದ ಮಾಸ್ಕಿಂಗ್ ಟೇಪ್, ಹತ್ತು ನಿಮಿಷ. ಯಾವುದಕ್ಕೂ ಒರಗದೆ ನಿಲ್ಲುವ ಗೋಪುರ ಕಟ್ಟಬೇಕು, ತುದಿಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟಾಗ 10 ಸೆಕೆಂಡ್ ನಿಲ್ಲಬೇಕು. ಮೂರು ಸುತ್ತು, ಪ್ರತಿ ಸುತ್ತಿಗೂ ಹೊಸ ಸಾಮಾನು, ಹೊಸ ನಾಯಕ. ನಾಯಕರಿಗೆ ಗುಟ್ಟಾಗಿ ಒಂದು ಚೀಟಿ. ಮೊದಲ ಚೀಟಿ: "ಪ್ರತಿ ಹೆಜ್ಜೆಯನ್ನೂ ನೀವೇ ಹೇಳಿ, ಮುಂದಿನ ಹೆಜ್ಜೆಯನ್ನು ಮೊದಲೇ ಬಿಟ್ಟುಕೊಡಬೇಡಿ." ಎರಡನೆಯದು: "ಮೊದಲ 2 ನಿಮಿಷ ಎಲ್ಲರ ಸಲಹೆ ಕೇಳಿ, ಒಂದನ್ನು ಗುಂಪೇ ಆರಿಸಲಿ, ಆಮೇಲೆ ಕೆಲಸ ಹಂಚಿ." ಮೂರನೆಯದು: "ಕೇಳಿದರೆ ಮಾತ್ರ ಉತ್ತರಿಸಿ." ಪ್ರತಿ ಸುತ್ತಿನ ಐದನೇ ನಿಮಿಷಕ್ಕೆ ನಾಯಕರನ್ನು ಏನೋ ನೆಪ ಹೇಳಿ 2 ನಿಮಿಷ ಹೊರಗೆ ಕರೆಯಿರಿ. ಗಮನಿಸಬೇಕಾದ್ದು ಆ ಎರಡು ನಿಮಿಷವನ್ನು.

ಇದರ ಬೇರು 1939ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿದೆ. ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬ ಮನೋವಿಜ್ಞಾನಿಗಳು ಹತ್ತು ವರ್ಷದ ಹುಡುಗರ ಹವ್ಯಾಸ ಕೂಟಗಳಿಗೆ ಇದೇ ಮೂರು ಬಗೆಯ ನಾಯಕರನ್ನು ಕೊಟ್ಟು ನೋಡಿದರು. ಅಪ್ಪಣೆ ಕೊಡುವ ನಾಯಕ ಕೋಣೆಯಿಂದ ಹೊರಗೆ ಹೋದರೆ ಕೆಲಸ ನಿಂತಂತೆಯೇ ಆಗುತ್ತಿತ್ತು. ಎಲ್ಲರನ್ನೂ ಸೇರಿಸಿಕೊಂಡು ನಿರ್ಧರಿಸುವ ನಾಯಕ ಹೋದರೆ ಕೆಲಸ ಹೆಚ್ಚೇನೂ ಕುಂದದೆ ನಡೆಯುತ್ತಿತ್ತು.

ಹಾಗೆಂದು ಅಪ್ಪಣೆಯ ನಾಯಕರನ್ನು ಖಳನಾಯಕರನ್ನಾಗಿ ಮಾಡಬೇಡಿ. ಹತ್ತೇ ನಿಮಿಷದ ಕೆಲಸದಲ್ಲಿ, ಕಟ್ಟುವುದು ಬಲ್ಲವರ ಕೈಗೆ ಮೊದಲ ಚೀಟಿ ಸಿಕ್ಕರೆ ಅವರ ಗೋಪುರವೇ ಎತ್ತರಕ್ಕೆ ಹೋಗಬಹುದು. ಹೋದರೆ ಹೋಯಿತು ಎಂದು ಒಪ್ಪಿಕೊಳ್ಳಿ. ಬೆಂಕಿ ಬಿದ್ದಾಗ ಯಾರೂ ಸಲಹೆ ಕೇಳುತ್ತ ಕೂರುವುದಿಲ್ಲ. ಯಾವ ಕೆಲಸಕ್ಕೆ ಯಾವ ರೀತಿ, ನಾಯಕರಿಲ್ಲದಾಗ ಏನಾಗುತ್ತದೆ ಎಂಬುದು ಚರ್ಚೆ ಆಗಬೇಕೇ ಹೊರತು ಯಾವುದು ಒಳ್ಳೆಯದು ಎಂಬ ತೀರ್ಪಲ್ಲ.

ಎತ್ತರಗಳನ್ನು ಹೋಲಿಸುವಾಗಲೂ ಎಚ್ಚರ. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಗುಂಪಿಗೆ ಹಾಳೆ ಸುತ್ತುವ ಕೈ ಕುದುರಿರುತ್ತದೆ, ಹಾಗಾಗಿ ಎರಡು ಗುಂಪಿಗೆ ಚೀಟಿಗಳ ಕ್ರಮ ಬೇರೆಬೇರೆ ಇರಲಿ. ಗೋಪುರ ಉರುಳುವುದಕ್ಕೆ ಸಾಮಾನ್ಯ ಕಾರಣ, ನೋಟ್‌ಬುಕ್ಕನ್ನು ಕೊನೆಯ ನಿಮಿಷದಲ್ಲಿ ಮೊದಲ ಬಾರಿಗೆ ಇಟ್ಟು ನೋಡುವುದು. ನಾಯಕರ ಅತಿನಟನೆಯೂ ಆಟ ಕೆಡಿಸುತ್ತದೆ, "ನಾಟಕ ಬೇಡ, ಚೀಟಿಯಲ್ಲಿದ್ದಷ್ಟೇ ಮಾಡಿ" ಎಂದು ಮೊದಲೇ ಹೇಳಿ. ಮುಗಿದ ಕೂಡಲೇ ಮೂರೂ ಚೀಟಿಗಳನ್ನು ಎಲ್ಲರೆದುರು ಓದಿಸಿ. ಇಲ್ಲದಿದ್ದರೆ ಮೊದಲ ಚೀಟಿ ಪಡೆದವರ ಮೇಲೆ ಸಂಜೆವರೆಗೂ ಮುನಿಸು ಉಳಿಯುತ್ತದೆ.

ಮಾತುಕತೆ

ಅಮೆರಿಕದ ಶಿಕ್ಷಣತಜ್ಞ ಟೆರ್ರಿ ಬೋರ್ಟನ್ 1970ರಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳ ಕ್ರಮ ಇವತ್ತಿಗೂ ಕೈಕೊಡುವುದಿಲ್ಲ: ಏನಾಯಿತು, ಅದರಿಂದ ಏನು ತಿಳಿಯಿತು, ಇನ್ನು ಮುಂದೇನು. ಕ್ರಮ ತಪ್ಪಬಾರದು. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರಿದರೆ ಉಪದೇಶ ಶುರುವಾಗುತ್ತದೆ.

ಆಟ ನಿಂತ ತಕ್ಷಣ ಮಾತು ಬೇಡ. ಮೂರು ನಿಮಿಷ ಎಲ್ಲರೂ ಸದ್ದಿಲ್ಲದೆ ತಮಗೆ ಕಂಡ ಎರಡು ಘಟನೆ ಬರೆಯಲಿ. ಹೀಗೆ ಮಾಡದಿದ್ದರೆ ಆಟದಲ್ಲಿ ಹೆಚ್ಚು ಮಾತಾಡಿದವರೇ ಚರ್ಚೆಯಲ್ಲೂ ಮೊದಲು ಬಾಯಿ ತೆರೆಯುತ್ತಾರೆ, ಉಳಿದವರು ಅದಕ್ಕೆ ಹೂಂಗುಡುತ್ತಾರೆ. ನಂತರ ವೃತ್ತಾಕಾರವಾಗಿ ಕುಳಿತು, ಆಟದಲ್ಲಿ ಕಡಿಮೆ ಮಾತಾಡಿದವರಿಂದ ಶುರುಮಾಡಿ. ಘಟನೆ ಬೇರೆ, ತೀರ್ಪು ಬೇರೆ ಎಂಬುದನ್ನು ಆಗಾಗ ನೆನಪಿಸಿ. "ಅವರಿಗೆ ಜಂಬ" ಎನ್ನುವುದು ತೀರ್ಪು. "ನಾನು ಮಾತಾಡುವಾಗ ಅವರು ಮೂರು ಸಲ ನಡುವೆ ಬಾಯಿ ಹಾಕಿದರು" ಎನ್ನುವುದು ಘಟನೆ. ಬರೆದುಕೊಂಡವರು ತಮ್ಮ ಹಾಳೆ ಓದುವುದು ಆಡಿದವರೆಲ್ಲ ಹೇಳಿದ ಮೇಲೆ. ಎಲ್ಲರ ನೆನಪಿಗೂ ಹಾಳೆಗೂ ಇರುವ ವ್ಯತ್ಯಾಸವೇ ಅರ್ಧ ಪಾಠ ಹೇಳಿಬಿಡುತ್ತದೆ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ. ಉತ್ತರ ಬರಲಿಲ್ಲವೆಂದು ನೀವೇ ಹೇಳಿದರೆ ಅಲ್ಲಿಗೆ ಚರ್ಚೆ ಮುಗಿಯಿತು. ಯಾರಾದರೂ "ಸಂವಹನ ಚೆನ್ನಾಗಿರಬೇಕು" ಎಂದರೆ ಒಪ್ಪಿ ಮುಂದೆ ಹೋಗಬೇಡಿ. "ಯಾವ ಕ್ಷಣದಲ್ಲಿ ಚೆನ್ನಾಗಿರಲಿಲ್ಲ? ಯಾರು ಯಾರಿಗೆ ಏನು ಹೇಳಬೇಕಿತ್ತು?" ಎಂದು ಕೇಳಿ. ಒಬ್ಬರನ್ನೇ ಎಲ್ಲರೂ ಮುತ್ತಿಕೊಂಡರೆ "ಅವರು ಹಾಗೆ ಮಾಡುವಾಗ ಉಳಿದವರು ಏನು ಮಾಡುತ್ತಿದ್ದಿರಿ?" ಎಂದು ಪ್ರಶ್ನೆಯನ್ನು ಗುಂಪಿನ ಕಡೆಗೆ ತಿರುಗಿಸಿ.

ಸ್ವಂತ ಅನುಭವ ಹೊರತೆಗೆಯುವುದು

ಆಟದಲ್ಲಿ ಕಂಡದ್ದು ಬದುಕಿನಲ್ಲಿ ಕಂಡದ್ದಕ್ಕೆ ಕೂಡಿಕೊಳ್ಳದಿದ್ದರೆ ಕೋಣೆಯಲ್ಲೇ ಉಳಿಯುತ್ತದೆ. ಪ್ರತಿಯೊಬ್ಬರೂ ಹಾಳೆಯ ಮೇಲೊಂದು ಅಡ್ಡಗೆರೆ ಎಳೆದು, ತಾವು ಮುಂದಾಳಾದ ಅಥವಾ ಆಗಬೇಕಿದ್ದೂ ಹಿಂದೆ ಸರಿದ ನಾಲ್ಕೈದು ಸಂದರ್ಭಗಳನ್ನು ಕಾಲಾನುಕ್ರಮದಲ್ಲಿ ಗುರುತಿಸಲಿ. ಹುದ್ದೆ ಇರಬೇಕೆಂದೇನೂ ಇಲ್ಲ, ಮನೆಯಲ್ಲಿ ಕಾಯಿಲೆ ಬಿದ್ದವರನ್ನು ನೋಡಿಕೊಂಡದ್ದೂ ಸೇರುತ್ತದೆ. ಇದಕ್ಕೆ 10 ನಿಮಿಷ.

ಬಳಿಕ ಜೋಡಿಯಾಗಿ ಕೂತು ಒಬ್ಬರು ಒಂದು ಸಂದರ್ಭವನ್ನು ಐದು ನಿಮಿಷ ಹೇಳಬೇಕು. ಕೇಳುವವರು ಸಲಹೆ ಕೊಡುವಂತಿಲ್ಲ, "ನನಗೂ ಹೀಗೇ ಆಗಿತ್ತು" ಎಂದು ತಮ್ಮ ಕತೆ ತೆಗೆಯುವಂತಿಲ್ಲ. ಎರಡೇ ಪ್ರಶ್ನೆ ಕೇಳಬಹುದು: "ಆಗ ನೀವು ಏನು ಮಾಡಿದಿರಿ?", "ಬೇರೆ ಏನು ಮಾಡಬಹುದಿತ್ತು ಅನಿಸುತ್ತದೆ?" ಆಮೇಲೆ ಪಾತ್ರ ಅದಲುಬದಲು. ದೊಡ್ಡ ಗುಂಪಿಗೆ ಮರಳಿದಾಗ ಕತೆ ಬೇಡ, ಅದರಲ್ಲಿ ಕಂಡ ಒಂದು ನಡವಳಿಕೆ ಮಾತ್ರ ಸಾಕು. ಜೋಡಿಯಲ್ಲಿ ಕೇಳಿದ್ದು ಜೋಡಿಯಲ್ಲೇ ಉಳಿಯಬೇಕು, ಕೆಟ್ಟ ನಾಯಕರ ಕತೆ ಹೇಳುವಾಗ ಹೆಸರು ಬರಬಾರದು. ಮೇಲಧಿಕಾರಿಯೂ ಕೈಕೆಳಗಿನವರೂ ಒಂದೇ ಜೋಡಿಗೆ ಬಾರದಂತೆ ನೋಡಿಕೊಳ್ಳಿ. ಹೇಳಲು ಇಷ್ಟವಿಲ್ಲದವರು "ಮುಂದೆ" ಎಂದರೆ ಕಾರಣ ಕೇಳಬೇಡಿ.

ಬಿಟ್ಟುಬಿಡಬೇಕಾದ ಆಟಗಳು

ಹಿಂದಕ್ಕೆ ಬಿದ್ದವರನ್ನು ಉಳಿದವರು ಹಿಡಿಯುವ ಆಟ ನೋಡಲು ರೋಮಾಂಚಕ. ಹಿಡಿಯುವ ತರಬೇತಿ ಪಡೆದವರಿಲ್ಲದೆ ಆಡಿಸಿದರೆ ಬೆನ್ನು, ತಲೆಗೆ ಪೆಟ್ಟು ಬೀಳುವ ಅಪಾಯವಿದೆ. ಮನುಷ್ಯ ಪಿರಮಿಡ್ಡಿಗೂ ಇದೇ ಮಾತು. ಕೈಕೈ ಹೆಣೆದು ಗಂಟು ಬಿಡಿಸುವ ಆಟದಲ್ಲಿ ಮೈಗೆ ಮೈ ತಾಗುವುದು ಹೆಚ್ಚು, ಅಪರಿಚಿತರ ನಡುವೆ ಇದು ಹಲವರಿಗೆ ಮುಜುಗರ. ಮೇಲಾಗಿ ಕೆಲವು ಗಂಟುಗಳು ಕೈ ಬಿಡದೆ ಬಿಚ್ಚಲು ಬರುವುದೇ ಇಲ್ಲ. ಮಂಡಿನೋವು, ಗರ್ಭಾವಸ್ಥೆ, ದೃಷ್ಟಿ ಅಥವಾ ಶ್ರವಣದ ತೊಂದರೆ ಇರುವವರು ಯಾರು ಎಂಬುದನ್ನು ಹಿಂದಿನ ದಿನವೇ, ಒಬ್ಬೊಬ್ಬರನ್ನಾಗಿ ಕೇಳಿಟ್ಟುಕೊಳ್ಳಿ. ಎಲ್ಲರೆದುರು ಕೇಳಿದರೆ ಯಾರೂ ಹೇಳುವುದಿಲ್ಲ.

ಕೊನೆಯ ಚೀಟಿ

ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಒಂದೇ ಒಂದು ನಡವಳಿಕೆ ಬರೆಯಬೇಕು. ಎಲ್ಲಿ, ಯಾವಾಗ, ಏನು ಎಂಬುದು ಅದರಲ್ಲಿರಬೇಕು. "ಎಲ್ಲರ ಮಾತು ಕೇಳುತ್ತೇನೆ" ಎಂದರೆ ಚೀಟಿ ವಾಪಸ್ ಕೊಡಿ. "ಸೋಮವಾರದ ಸಭೆಯಲ್ಲಿ ನನ್ನ ಅಭಿಪ್ರಾಯ ಹೇಳುವ ಮೊದಲು ಇಬ್ಬರನ್ನು ಕೇಳುತ್ತೇನೆ" ಎಂಬುದು ನಡೆಯುತ್ತದೆ, ಮಾಡಿದರೋ ಇಲ್ಲವೋ ಎಂದು ಬೇರೆಯವರೂ ಹೇಳಬಹುದು. ಚೀಟಿಯ ಒಂದು ನಕಲು ಜೊತೆಗಾರರ ಬಳಿ ಇರಲಿ.

ಎರಡು ವಾರದ ನಂತರ ಜೋಡಿಗಳು ಹತ್ತು ನಿಮಿಷ ಫೋನಿನಲ್ಲಿ ಮಾತಾಡಿಕೊಳ್ಳಲು ದಿನವನ್ನು ಅಲ್ಲೇ ಗೊತ್ತುಮಾಡಿಸಿ. ಕೇಳಬೇಕಾದ್ದು ಎಷ್ಟು ಸಲ ಮಾಡಿದಿರಿ, ಮಾಡಿದಾಗ ಏನಾಯಿತು, ಇಷ್ಟೇ. ಒಮ್ಮೆಯೂ ಆಗಲಿಲ್ಲ ಎಂದರೆ ಹೆಚ್ಚಾಗಿ ಬರೆದದ್ದು ದೊಡ್ಡದಾಗಿರುತ್ತದೆ. ಇಬ್ಬರನ್ನು ಕೇಳುತ್ತೇನೆ ಎಂದಿದ್ದನ್ನು ಒಬ್ಬರಿಗೆ ಇಳಿಸಿ, ಮತ್ತೆ ಎರಡು ವಾರ ಕೊಡಿ.